ಹಿರಿಯ ಗಾಲಿ, ಕಿರಿಯ ಗಾಲಿ

36 ವರ್ಷಗಳ ಕಾಲ ಹುಡುಗರಿಂದ ರಾಮಶಬ್ದವನ್ನು ಒಪ್ಪಿಸಿಕೊಂಡ ಮೇಷ್ಟರೊಬ್ಬರು ಮೋಟಾರು ಕಾರಿನ ಇಂಜಿನಿನ ವಿಷಯವಾಗಿ ಲೇಖನ ಬರೆಯಹೊರಟರೆ ವಾಚಕ ಮಹಾಶಯರು ನಗುವುದು ಸಹಜ. ನಗಲಿ, ನಮ್ಮ ಆಕ್ಷೇಪಣೆಯಿಲ್ಲ. ನಮಗೆ ಕಾರು ನಡೆಸಲು ಬಾರದು. ಸೈಕಲ್ಲಿನ ಸರಪಣಿ ಕಳಚಿಬಿದ್ದರೆ ಅದನ್ನು ಮರಳಿ ಏರಿಸುವುದೇ ನಮ್ಮ ಯಂತ್ರವಿದ್ಯೆಯ ಪರಮಾವಧಿ. ಹೀಗಿದ್ದೂ ಕಳೆದ ಕಾರ್ತಿಕ ಮಾಸದಲ್ಲಿ, ಮೈಸೂರಿನಿಂದ ಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಇಂಜಿನು ನಮಗೆ ಪಾಠ ಹೇಳಿತು. ಅದನ್ನು ಕೇಳಿದುದರಿಂದ ನಮ್ಮ ಮನೆಯ ವ್ಯವಹಾರವೊಂದು ಬೇರೆಯ ದಾರಿ ಹಿಡಿಯಿತು. ಗೃಹಸ್ಥರಾದ ವಾಚಕರಿಗೆ ಪ್ರಯೋಜನಕ್ಕೆ ಬಂದೀತೆಂದು ಅದನ್ನಿಲ್ಲಿ ಬರೆಯುತ್ತಿದ್ದೇವೆ.

ಮೊದಲು ಮನೆಯ ಸಂಗತಿಯನ್ನು ಹೇಳಬೇಕು. ನಾವು ಹುಟ್ಟಿದುದು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮನೆಯ ಕೆಳಗೆ 4 ಎಕರೆ ಅಡಿಕೆಯ ತೋಟ. ತಂದೆಯವರು ತೀರಿಕೊಂಡಾಗ ನಮಗೆ 8 ವರ್ಷ, ಅಣ್ಣನವರಿಗೆ 19. ಅವರು ಓದನ್ನು ಅಲ್ಲಿಗೇ ಬಿಟ್ಟು ತೋಟಕ್ಕೆ ಇಳಿದರು. ನಮ್ಮನ್ನು ಸಂಸ್ಕೃತ ಓದಲು ಊರಿನಿಂದ ಆಚೆಗೆ ಕಳುಹಿಸಿ, ತಿಂಗಳು ತಿಂಗಳೂ ತಪ್ಪದೆ ಮನಿಯಾರ್ಡರು ಮಾಡಿದರು. ಮುಂದೆ ನಮಗೆ ಕೆಲಸವಾಯಿತು. ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ ನಾವೂ ಸುಮ್ಮನಿರಲಿಲ್ಲ. ಹಳೆಯ ಮನೆಯ ಮಾಡನ್ನು ಬಿಚ್ಚಿಸಿ ಹೊಸದಾಗಿ ಹೊದಿಸಿದೆವು. ಅಣ್ಣನವರ ಮಗಳ ಮದುವೆಯ ಖರ್ಚಿನಲ್ಲಿ ಮುಕ್ಕಾಲು ಪಾಲನ್ನು ವಹಿಸಿದೆವು. ಊರಿನವರು ಆ ಮನೆಯನ್ನು ‘ಮೇಷ್ಟರ ಮನೆ’ ಎಂದು ಕರೆಯತೊಡಗಿದರು. ಅದರ ಅಂಗಳದಲ್ಲಿ ಒಂದು ರಾತ್ರಿಯೂ ತಪ್ಪದೆ ಮಲಗಿದವರು ಅಣ್ಣನವರು; ಹೆಸರು ಮಾತ್ರ ನಮ್ಮದು. ಅದನ್ನು ಕೇಳಿ ನಮಗೆ ಸಂತೋಷವೇ ಆಗುತ್ತಿದ್ದಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಕಳೆದ ವರ್ಷ ನಿವೃತ್ತರಾದೆವು. ಮೈಸೂರಿನ ನಮ್ಮ ಚಿಕ್ಕ ಮನೆಯ ಮೇಲೆ ಒಂದು ಮಹಡಿ ಕಟ್ಟಬೇಕೆಂಬ ಆಸೆ ಹುಟ್ಟಿತು. ನಿವೃತ್ತಿಯಲ್ಲಿ ಬಂದ ಹಣ ಅದಕ್ಕೆ ಸಾಲದು. ಆಗ ನೆನಪಾದುದು ತೋಟದ ಪಾಲು. ಇಬ್ಬರು ಅಣ್ಣತಮ್ಮಂದಿರು, ಅರ್ಧ ಅರ್ಧ, ನ್ಯಾಯಾಲಯಕ್ಕೆ ಹೋದರೂ ಇದೇ ತೀರ್ಪು. ಒಂದು ಹಾಳೆಯ ಮೇಲೆ ಎಲ್ಲವನ್ನೂ ವಿನಯದಿಂದಲೇ ಬರೆದು, ನಾಲ್ಕಾಗಿ ಮಡಚಿ ಜುಬ್ಬದ ಜೇಬಿನಲ್ಲಿ ಇಟ್ಟುಕೊಂಡೆವು. ಎದುರಿಗೆ ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದವರು ಕಾಗದದ ಮರೆಯಲ್ಲಿ ನಿಲ್ಲುತ್ತಾರೆ. ತೋಟದ ಅರ್ಧಭಾಗಕ್ಕೆ ಹಳದಿ ಎಲೆ ರೋಗ ತಗುಲಿ ಫಸಲು ಇಳಿದುಹೋಗಿದೆಯೆಂಬುದು ನಮಗೆ ತಿಳಿಯದ ಮಾತಲ್ಲ. ನಮ್ಮ ಮನೆಯಾಕೆ ಅದನ್ನೇ ಎತ್ತಿ, “ಈಗಲೇ ಕೇಳಬೇಕೆ?” ಎಂದಳು. ಈಗ ಕೇಳದಿದ್ದರೆ ಇನ್ನು ಯಾವಾಗ ಎಂದು ನಾವು ಉತ್ತರ ಕೊಟ್ಟೆವು. “ಹಾಗಾದರೆ ಊಟವಾದ ಮೇಲೆ ಕೇಳಿ” ಎಂದು ಆಕೆ ಸುಮ್ಮನಾದಳು.

ನಮ್ಮ ಮಗನು ಬೆಂಗಳೂರಿನಲ್ಲಿ ಇಂಜಿನಿಯರು. ಅವನು ಆ ತಿಂಗಳು ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡಿದ್ದನು: ಜರ್ಮನಿಯ ಮರ್ಸಿಡಿಸ್ ಬೆನ್ಜ್ ಕಂಪೆನಿಯ ಇ 250 ಎಂಬ ಡೀಸೆಲ್ ಗಾಡಿ. “ದೊಡ್ಡಪ್ಪನನ್ನು ನೋಡಿ ಬಹಳ ದಿವಸವಾಯಿತು, ಇದರಲ್ಲೇ ಹೋಗೋಣ” ಎಂದನು. ಬೆಳಗಿನ ಜಾವ ಹೊರಟು, ಹೊಳೆನರಸೀಪುರ, ಹಾಸನ, ಬೇಲೂರುಗಳನ್ನು ದಾಟಿ, ಚಿಕ್ಕಮಗಳೂರಿನ ಏರನ್ನು ಹಿಡಿದೆವು.

ಗಾಡಿ ಏರನ್ನು ಹತ್ತುವ ರೀತಿ ನಮಗೆ ಸೋಜಿಗವನ್ನುಂಟುಮಾಡಿತು. ಬಸ್ಸಿನಲ್ಲಿ ಹೋಗುವಾಗ ಇದೇ ತಿರುವುಗಳಲ್ಲಿ ಡ್ರೈವರು ಗೇರು ಬದಲಾಯಿಸಿ ಬದಲಾಯಿಸಿ, ಇಂಜಿನು ನರಳಿ ನರಳಿ ಮೇಲೇರುವುದನ್ನು ನಾವು ಎಷ್ಟೋ ಸಲ ಅನುಭವಿಸಿದ್ದೇವೆ. ಈ ಗಾಡಿಗೆ ಏರು ಬಂದುದೇ ತಿಳಿಯದು. ಇದರ ಇಂಜಿನು ಬಹಳ ದೊಡ್ಡದಿರಬೇಕೆಂದು ನಾವು ಊಹಿಸಿದೆವು. ಮಗನು ನಕ್ಕು, “ಇಲ್ಲಪ್ಪ, ನಾಲ್ಕೇ ಸಿಲಿಂಡರು, 2143 ಸಿ.ಸಿ. ಆದರೆ 204 ಅಶ್ವಶಕ್ತಿ. ಒಳಗೆ ಎರಡು ಟರ್ಬೊ ಇವೆ” ಎಂದನು. ಟರ್ಬೊ ಎಂದರೇನೆಂದು ಕೇಳಿದೆವು. ಅಲ್ಲಿಂದ ಪಾಠ ಪ್ರಾರಂಭವಾಯಿತು. ಜೀವಮಾನವೆಲ್ಲ ಪಾಠ ಹೇಳಿದವರಿಗೆ ಮಗನಿಂದ ಪಾಠ ಹೇಳಿಸಿಕೊಳ್ಳುವುದರಲ್ಲಿ ಒಂದು ಸುಖವುಂಟು.

ಅವನು ಹೇಳಿದುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಇಂಜಿನಿನ ಸಿಲಿಂಡರಿನೊಳಗೆ ಎಣ್ಣೆ ಉರಿಯಬೇಕಾದರೆ ಗಾಳಿ ಬೇಕು. ಒಂದು ತೂಕದ ಪೆಟ್ರೋಲು ಪೂರ್ತಿ ಉರಿಯಲು ಅದರ ಹದಿನಾಲ್ಕೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ತೂಕದ ಗಾಳಿ ಬೇಕಂತೆ. ಡೀಸೆಲ್ಲಿನ ಲೆಕ್ಕವೂ ಇದಕ್ಕೆ ಹತ್ತಿರವೇ. ಆದುದರಿಂದ ಇಂಜಿನಿನ ಬಲವನ್ನು ಹೆಚ್ಚಿಸಬೇಕಾದರೆ ಎಣ್ಣೆಯನ್ನು ಸುರಿದರೆ ಸಾಲದು, ಗಾಳಿಯನ್ನೂ ತುಂಬಬೇಕು. ಕುಲುಮೆಯಲ್ಲಿ ಕಮ್ಮಾರನು ಇದ್ದಲನ್ನು ರಾಶಿ ಹಾಕಿದರೆ ಕಬ್ಬಿಣ ಕಾಯದು, ತಿದಿಯನ್ನು ಒತ್ತಬೇಕು. ಟರ್ಬೊ ಎಂಬುದು ಇಂಜಿನಿನ ತಿದಿ.

ಈ ತಿದಿಯನ್ನು ಒತ್ತುವವರಾರು? ಇಲ್ಲಿಯೇ ಇದರ ಸ್ವಾರಸ್ಯ. ಸುಟ್ಟ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಬಿಸಿಹೊಗೆಯ ಜೊತೆಯಲ್ಲಿ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಆ ಹೊಗೆಯ ದಾರಿಯಲ್ಲಿ ರೆಕ್ಕೆಗಳುಳ್ಳ ಒಂದು ಗಾಲಿಯನ್ನಿಟ್ಟರೆ, ಹೊಗೆ ಅದನ್ನು ಗಿರಗಿರನೆ ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಮತ್ತೊಂದು ಗಾಲಿ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನಿನೊಳಕ್ಕೆ ತುಂಬುತ್ತದೆ. ಬಿಟ್ಟ ಉಸಿರೇ ಮುಂದಿನ ಉಸಿರನ್ನು ಒಳಕ್ಕೆ ಎಳೆದುಕೊಡುತ್ತದೆ. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ದಾರಿಯಲ್ಲಿ ಅದನ್ನು ತಣಿಸಲು ಇಂಟರ್‌ಕೂಲರು ಎಂಬ ಜಾಲರಿಯೂ ಉಂಟು. ಈ ಗಾಲಿಗಳ ವೇಗವನ್ನು ಕೇಳಿ ನಾವು ಬೆಚ್ಚಿದೆವು. ಅಂಗೈಯಲ್ಲಿ ಅಡಗುವಂಥ ಗಾಲಿ ನಿಮಿಷಕ್ಕೆ 2,00,000 ಸುತ್ತುಗಳವರೆಗೆ ತಿರುಗಬಲ್ಲುದು. ಅದರ ಅಚ್ಚು ಎಣ್ಣೆಯ ತೆಳುವಾದ ಪೊರೆಯ ಮೇಲೆ ತೇಲುತ್ತಿರುತ್ತದೆ.

ಈ ಯುಕ್ತಿಗೆ 1905ರಲ್ಲಿ ಪೇಟೆಂಟು ಪಡೆದವರು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರು. ಅದು ಕಾರ್ಯಕ್ಕೆ ಬರಲು ಎರಡು ದಶಕಗಳು ಬೇಕಾದುವು. 1920ರ ದಶಕದಲ್ಲಿ ಅದನ್ನು ಜರ್ಮನಿಯ ಹಡಗುಗಳ ಡೀಸೆಲ್ ಇಂಜಿನುಗಳಿಗೆ ಜೋಡಿಸಿದರು. ಅಷ್ಟರೊಳಗೆ ಅಮೆರಿಕದಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬುವರು 1918ರಲ್ಲಿ ಒಂದು ವಿಮಾನದ ಇಂಜಿನನ್ನು ಪೈಕ್ಸ್ ಪೀಕ್ ಎಂಬ 14,000 ಅಡಿಗೂ ಮೀರಿದ ಬೆಟ್ಟದ ನೆತ್ತಿಗೆ ಸಾಗಿಸಿ, ತೆಳುವಾದ ಗಾಳಿಯಲ್ಲೂ ಟರ್ಬೊ ಇದ್ದರೆ ಇಂಜಿನಿನ ಬಲ ಕುಂದುವುದಿಲ್ಲವೆಂದು ಪರೀಕ್ಷಿಸಿ ತೋರಿಸಿದರು. ಕಾರುಗಳಿಗೆ ಇದು ಬಂದುದು 1962ರಲ್ಲಿ, ಅಮೆರಿಕದಲ್ಲಿಯೇ. ಚಿಕ್ಕಮಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 1000 ಮೀಟರು ಎತ್ತರದಲ್ಲಿದೆ. ಅಲ್ಲಿಯೇ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಮೆ. ನಮ್ಮ ಗಾಡಿಗೆ ಅದು ತಿಳಿಯದಿದ್ದುದು ಈ ತಿದಿಯ ದೆಸೆಯಿಂದ.

ಒಂದು ತಿದಿ ಇಷ್ಟು ಕೆಲಸ ಮಾಡುವುದಾದರೆ ಎರಡೇಕೆ ಎಂದು ಕೇಳಿದೆವು. ಆಲ್ದೂರಿನ ಹತ್ತಿರ ಕಾಫಿಗೆಂದು ನಿಲ್ಲಿಸಿದಾಗ ಮಗನು ಬಾನೆಟ್ಟನ್ನು ಎತ್ತಿ ತೋರಿಸಿದನು. ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳವೊಂದನ್ನು ಬಿಟ್ಟು ಅಲ್ಲಿ ನೋಡುವಂಥದೇನೂ ಇರಲಿಲ್ಲ. “ಬರೆದು ತೋರಿಸುತ್ತೇನೆ, ಒಂದು ಕಾಗದ ಕೊಡಿ” ಎಂದನು. ನಮ್ಮಲ್ಲಿದ್ದುದು ಒಂದೇ ಕಾಗದ. ಕೊಡಲೋ ಬೇಡವೋ ಎಂದು ಅನುಮಾನಿಸುತ್ತಿರುವಷ್ಟರಲ್ಲಿ ಅವನು ನಮ್ಮ ಜೇಬಿನಿಂದ ಅದನ್ನು ಎಳೆದುಕೊಂಡು, ಖಾಲಿಯಾದ ಬೆನ್ನನ್ನು ಮೇಲೆ ಮಾಡಿ, ಕಾಫಿಯ ಮೇಜಿನ ಮೇಲೆ ಹರಡಿದನು. ಒಳಗಿನ ಬರಹವನ್ನು ಅವನು ನೋಡಲಿಲ್ಲ, ನಾವೂ ಹೇಳಲಿಲ್ಲ.

ಮೊದಲು ಅವನು ಬರೆದುದು ಒಂದು ದೊಡ್ಡ ಗಾಲಿ. ದೊಡ್ಡ ಗಾಲಿ ಹೆಚ್ಚು ಗಾಳಿಯನ್ನು ತುಂಬುತ್ತದೆ, ನಿಜ. ಆದರೆ ಅದನ್ನು ತಿರುಗಿಸುವುದು ಹೊಗೆ. ಇಂಜಿನು ನಿಧಾನವಾಗಿ ತಿರುಗುತ್ತಿರುವಾಗ ಹೊಗೆ ಸ್ವಲ್ಪವೇ. ಆ ಸ್ವಲ್ಪ ಹೊಗೆಗೆ ದೊಡ್ಡ ಗಾಲಿ ಮಿಸುಕದು. ಒಂದೇ ಆಕಾರದ, ಒಂದೇ ಲೋಹದ ಗಾಲಿಯ ವ್ಯಾಸವನ್ನು ಇಮ್ಮಡಿ ಮಾಡಿದರೆ ಅದರ ತೂಕ 8 ಮಡಿಯಾಗುತ್ತದೆ. ತಿರುಗುವುದಕ್ಕೆ ಅದು ಒಡ್ಡುವ ಜಡತೆ 32 ಮಡಿಯಾಗುತ್ತದೆ. ಆದುದರಿಂದ ಚಾಲಕನು ಆಕ್ಸಿಲರೇಟರನ್ನು ಒತ್ತಿದರೂ ಗಾಡಿ ಸ್ವಲ್ಪ ಹೊತ್ತು ತೂಕಡಿಸಿ, ಆಮೇಲೆ ಇದ್ದಕ್ಕಿದ್ದಂತೆ ನೆಗೆಯುತ್ತದೆ. ಇದಕ್ಕೆ ಟರ್ಬೊ ಲ್ಯಾಗ್ ಎಂದು ಹೆಸರು. 1975ರ ಪೋರ್ಷೆ 911 ಟರ್ಬೊ ಈ ದುರ್ಗುಣಕ್ಕೆ ಹೆಸರಾಗಿದ್ದಿತು. ತಿರುವಿನ ನಡುವೆ ಬಲ ತಡವಾಗಿ ಬಂದು ಚಾಲಕರನ್ನು ಹೆದರಿಸುತ್ತಿದ್ದಿತು. ಹಾಗಾದರೆ ಚಿಕ್ಕ ಗಾಲಿಯನ್ನು ಇಟ್ಟರೆ? ಅದು ಸ್ವಲ್ಪ ಹೊಗೆಗೇ ಚುರುಕಾಗಿ ಎದ್ದು ಓಡುತ್ತದೆ. ಆದರೆ ವೇಗ ಹೆಚ್ಚಿದಾಗ ಬರುವ ಹೊಗೆಯ ಪ್ರವಾಹ ಅದರ ಕಿರಿದಾದ ದಾರಿಯಲ್ಲಿ ನುಗ್ಗಲಾರದೆ ಇಂಜಿನಿಗೇ ಉಸಿರು ಕಟ್ಟುತ್ತದೆ. ದೊಡ್ಡದಕ್ಕೆ ಬಡತನ ಸಲ್ಲದು, ಚಿಕ್ಕದಕ್ಕೆ ಸಿರಿತನ ಸಲ್ಲದು. ಈ ಇಕ್ಕಟ್ಟಿಗೆ ಪರಿಹಾರವೇ ಜೋಡಿ ಟರ್ಬೊ.

ಎರಡನ್ನು ಜೋಡಿಸುವ ಬಗೆ ಮೂರು ಎಂದು ಮಗನು ಮೂರು ಚಿತ್ರಗಳನ್ನು ಬರೆದನು.

ಮೊದಲನೆಯದು ಪ್ಯಾರಲೆಲ್, ಎಂದರೆ ಸರಿಸಮ ಜೋಡಣೆ. ಗಾತ್ರದಲ್ಲಿ ಸಮನಾದ ಎರಡು ಟರ್ಬೊಗಳು. ಆರು ಸಿಲಿಂಡರಿನ ಇಂಜಿನಾದರೆ ಮೂರರ ಹೊಗೆ ಒಂದಕ್ಕೆ, ಇನ್ನು ಮೂರರ ಹೊಗೆ ಇನ್ನೊಂದಕ್ಕೆ. ಎರಡೂ ಒಂದೇ ಕಾಲದಲ್ಲಿ ಎದ್ದು, ಒಂದೇ ಕಾಲದಲ್ಲಿ ದುಡಿದು, ಒಂದೇ ಕಾಲದಲ್ಲಿ ಮಲಗುತ್ತವೆ. 1981ರ ಕೊನೆಯಲ್ಲಿ ಇಟಲಿಯ ಮಾಸೆರಾಟಿ ಕಂಪೆನಿಯವರು ಹೊರತಂದ ಬಿಟುರ್ಬೊ ಎಂಬ ಕಾರು, ಎರಡು ಟರ್ಬೊಗಳೊಡನೆ ಮಾರಾಟಕ್ಕೆ ಬಂದ ಮೊದಲನೆಯ ಕಾರು. ಅದು ಈ ಬಗೆಯದು. 1989ರಲ್ಲಿ ಜಪಾನಿನ ನಿಸಾನ್ ಕಂಪೆನಿಯವರು ತಂದ ಸ್ಕೈಲೈನ್ ಜಿಟಿ-ಆರ್ ಕಾರಿನಲ್ಲೂ ಇದೇ ವ್ಯವಸ್ಥೆ. ಒಂದು ದೊಡ್ಡ ಗಾಲಿಗಿಂತ ಎರಡು ಚಿಕ್ಕ ಗಾಲಿಗಳು ಹಗುರವಾಗಿ ಎದ್ದಾವು. ಸಿಲಿಂಡರುಗಳ ಪಕ್ಕದಲ್ಲಿಯೇ ಇಡಬಹುದಾದುದರಿಂದ ಕೊಳವೆಗಳೂ ಮೋಟಾಗುತ್ತವೆ. ಆದರೆ ಪ್ರತಿಯೊಂದಕ್ಕೂ ದೊರೆಯುವುದು ಅರ್ಧ ಹೊಗೆ ಮಾತ್ರ. ಹೊಗೆ ಕಡಮೆಯಿರುವಾಗ ಅದನ್ನು ಇಬ್ಬರಿಗೆ ಹಂಚಿದರೆ ಇಬ್ಬರೂ ಅರೆಹೊಟ್ಟೆ. ಸಮಪಾಲೆಂಬುದು ಸಮೃದ್ಧಿಯ ಕಾಲದಲ್ಲಿ ಒಪ್ಪುತ್ತದೆ.

ಎರಡನೆಯದು ಸೀಕ್ವೆನ್ಷಿಯಲ್, ಎಂದರೆ ಸರದಿಯ ಜೋಡಣೆ. ಇಂಜಿನು ನಿಧಾನವಾಗಿರುವಾಗ ಸಮಸ್ತ ಹೊಗೆಯನ್ನೂ ಒಂದೇ ಟರ್ಬೊಗೆ ಕೊಡುತ್ತಾರೆ. ಇನ್ನೊಂದರ ಬಾಗಿಲು ಮುಚ್ಚಿರುತ್ತದೆ. ವೇಗ ಹೆಚ್ಚಿ ಹೊಗೆ ತುಂಬಿ ಬಂದಾಗ ಬಾಗಿಲು ತೆರೆದು, ಎರಡನೆಯದೂ ಸೇರಿಕೊಳ್ಳುತ್ತದೆ. 1986ರ ಪೋರ್ಷೆ 959, 1993ರ ಟೊಯೋಟಾ ಸುಪ್ರಾ, ಅದೇ ಕಾಲದ ಮಾಜ್ಡಾ ಆರ್‌ಎಕ್ಸ್-7 ಇವೆಲ್ಲ ಈ ಬಗೆಯವು. ಇವುಗಳಲ್ಲಿ ಎರಡು ಟರ್ಬೊಗಳೂ ಹೆಚ್ಚುಕಡಮೆ ಒಂದೇ ಅಳತೆಯವಾದರೂ ಸರದಿ ಮಾತ್ರ ಬೇರೆ. ಸುಪ್ರಾದಲ್ಲಿ ಎರಡನೆಯದು ಪೂರ್ತಿಯಾಗಿ ಸೇರುವುದು ನಿಮಿಷಕ್ಕೆ ಸುಮಾರು 4000 ಸುತ್ತುಗಳಲ್ಲಿ, ಮಾಜ್ಡಾದಲ್ಲಿ ಸುಮಾರು 4500ರಲ್ಲಿ. ಕಷ್ಟವಿರುವುದು ಈ ಸೇರುವ ಗಳಿಗೆಯಲ್ಲಿಯೇ. ಮಾಜ್ಡಾದಲ್ಲಿ ಚದರ ಅಂಗುಲಕ್ಕೆ 10 ಪೌಂಡಿನಷ್ಟಿದ್ದ ಒತ್ತಡ ಆ ಗಳಿಗೆಯಲ್ಲಿ 8ಕ್ಕೆ ಇಳಿದು, ಮತ್ತೆ 10ಕ್ಕೆ ಏರುತ್ತಿದ್ದಿತು. ಹೊಸದಾಗಿ ಬಂದವನಿಗೆ ಓಟ ಹಿಡಿಯುವವರೆಗೆ, ಮೊದಲಿನಿಂದ ದುಡಿಯುತ್ತಿದ್ದವನ ಪಾಲು ಕುಗ್ಗುತ್ತದೆ. ಅದಕ್ಕಾಗಿಯೇ ಎರಡನೆಯದನ್ನು ಮುಂಚಿತವಾಗಿ ಸ್ವಲ್ಪ ಹೊಗೆಯಿಂದ ತಿರುಗಿಸಿ ಸಿದ್ಧಪಡಿಸುತ್ತಿದ್ದರು. ಈ ಬಾಗಿಲುಗಳನ್ನೆಲ್ಲ ಸಮಯವರಿತು ತೆರೆಯಲು ಮುಚ್ಚಲು ಬೇಕಾದ ರಬ್ಬರು ಕೊಳವೆಗಳು ಆ ಇಂಜಿನಿನ ಮೇಲೆ ಹಕ್ಕಿಯ ಗೂಡಿನಂತೆ ಹೆಣೆದುಕೊಂಡಿದ್ದುವು. ಅವುಗಳಲ್ಲೊಂದು ಸೀಳಿದರೂ ಸರದಿ ತಪ್ಪುತ್ತಿದ್ದಿತು.

ಮೂರನೆಯದು ಎರಡು ಹಂತದ ಜೋಡಣೆ. ನಾವು ಕುಳಿತು ಬಂದ ಗಾಡಿಯಲ್ಲಿ ಇದ್ದುದು ಇದು. ಕಾರುಗಳಲ್ಲಿ ಇದು 2004ರಲ್ಲಿ ಬಿಎಂಡಬ್ಲ್ಯು ಕಂಪೆನಿಯ 535ಡಿ ಎಂಬ ಡೀಸೆಲ್ ಗಾಡಿಯಿಂದ ಹೆಸರುವಾಸಿಯಾಯಿತು. ಇಲ್ಲಿ ಒಂದು ಟರ್ಬೊ ಚಿಕ್ಕದು, ಇನ್ನೊಂದು ದೊಡ್ಡದು; ಅಕ್ಕಪಕ್ಕದಲ್ಲಿರದೆ ಒಂದರ ಹಿಂದೆ ಒಂದಿರುತ್ತವೆ. ಹೊಗೆ ಮೊದಲು ಚಿಕ್ಕದನ್ನು ತಿರುಗಿಸಿ, ಉಳಿದ ಬಲದಿಂದ ದೊಡ್ಡದನ್ನು ಮುಟ್ಟುತ್ತದೆ. ಗಾಳಿಯಾದರೋ ಮೊದಲು ದೊಡ್ಡದನ್ನು ಹೊಕ್ಕು, ಅಲ್ಲಿ ಸ್ವಲ್ಪ ಒತ್ತಿಸಿಕೊಂಡು, ಆಮೇಲೆ ಚಿಕ್ಕದಕ್ಕೆ ಹೋಗಿ ಮತ್ತಷ್ಟು ಒತ್ತಿಸಿಕೊಂಡು ಇಂಜಿನನ್ನು ಸೇರುತ್ತದೆ. ನಿಮಿಷಕ್ಕೆ ಸುಮಾರು 1200 ಸುತ್ತುಗಳವರೆಗೆ ಭಾರವೆಲ್ಲ ಚಿಕ್ಕದರ ಮೇಲೆಯೇ. ಅಲ್ಲಿಂದ ಮುಂದೆ ಒಂದು ಕವಾಟ ಮೆಲ್ಲಮೆಲ್ಲನೆ ತೆರೆದುಕೊಂಡು ಹೊಗೆಯನ್ನು ನೇರವಾಗಿ ದೊಡ್ಡದಕ್ಕೆ ಬಿಡುತ್ತ ಬರುತ್ತದೆ. ಸುಮಾರು 2800 ಸುತ್ತುಗಳಾದ ಮೇಲೆ ಚಿಕ್ಕದನ್ನು ಬದಿಗಿಟ್ಟು ದೊಡ್ಡದೊಂದೇ ಎಲ್ಲವನ್ನೂ ವಹಿಸಿಕೊಳ್ಳುತ್ತದೆ. 1600 ಸುತ್ತುಗಳಲ್ಲಿಯೇ 500 ನ್ಯೂಟನ್ ಮೀಟರಿನ ತಿರುಚುಬಲ ದೊರೆಯುವುದು ಈ ಏರ್ಪಾಡಿನಿಂದ. ಏರಿನಲ್ಲಿ ಗಾಡಿ ನರಳದಿದ್ದುದೂ ಇದರಿಂದಲೇ.

“ಈಗ ಒಂದೇ ಟರ್ಬೊದಲ್ಲಿ ಹೊಗೆಯ ದಾರಿಯನ್ನು ಎರಡಾಗಿ ಸೀಳಿಯೋ, ರೆಕ್ಕೆಗಳ ಕೋನವನ್ನು ಬದಲಾಯಿಸಿಯೋ ಇದರಲ್ಲಿ ಬಹುಪಾಲು ಕೆಲಸವನ್ನು ಮಾಡಿಸುತ್ತಾರೆ” ಎಂದು ಮಗನು ಮುಗಿಸಿದನು. ಆದರೆ ನಮ್ಮ ಮನಸ್ಸು ಮೂರನೆಯ ಚಿತ್ರದ ಮೇಲೆಯೇ ನಿಂತಿತು. ಮೊದಲು ಚಿಕ್ಕದೇಕೆ ಎಂಬುದಕ್ಕೆ ನಮ್ಮ ವ್ಯಾಕರಣದಲ್ಲೂ ಸಮಾಧಾನವುಂಟು. ಎರಡು ಪದಗಳನ್ನು ಸೇರಿಸಿ ದ್ವಂದ್ವ ಸಮಾಸ ಮಾಡುವಾಗ ಕಡಮೆ ಸ್ವರಗಳುಳ್ಳ ಪದವನ್ನು ಮುಂದಿಡಬೇಕೆಂದು ಪಾಣಿನಿಯ ವಿಧಿ. ನಾವು ಇದನ್ನು ಹೇಳಿ ನಕ್ಕೆವು, ಮಗನೂ ನಕ್ಕನು. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಮತ್ತೆ ಹೊರಟೆವು.

ಬಾಳೆಹೊನ್ನೂರನ್ನು ದಾಟುವವರೆಗೆ ನಾವು ಮಾತನಾಡಲಿಲ್ಲ. ಕೈಯಲ್ಲಿ ಏನೂ ಇಲ್ಲದ ಕಾಲದಲ್ಲಿ, ಇದ್ದ ಸ್ವಲ್ಪ ಹೊಗೆಯಲ್ಲಿಯೇ ತಿರುಗಿ ಮನೆಗೆ ಉಸಿರು ತುಂಬಿದವರು ಯಾರು? ದೊಡ್ಡ ಗಾಲಿಯಾದ ನಾವು ಆಗ ಕೌಮುದಿಯನ್ನು ಮುಂದಿಟ್ಟುಕೊಂಡು ಮಿಸುಕದೆ ಕುಳಿತಿದ್ದೆವು. ನಮಗೆ ಓಟ ಹಿಡಿಯುವುದಕ್ಕೆ ಹದಿನೈದು ವರ್ಷವಾಯಿತು. ಆಮೇಲೆ ಕವಾಟ ತೆರೆಯಿತು. ಹಣವೂ ಹೆಸರೂ ನೇರವಾಗಿ ನಮ್ಮ ಕಡೆಗೆ ಬಂದುವು. ಚಿಕ್ಕ ಗಾಲಿ ಬದಿಗೆ ನಿಂತಿತು. ವೇಗವಾಗಿ ಓಡುತ್ತಿರುವ ಗಾಡಿಯನ್ನು ಆಗ ನೋಡಿದವನು ದೊಡ್ಡದೊಂದೇ ಇದನ್ನು ಎಳೆಯುತ್ತಿದೆಯೆಂದು ಹೇಳಿಯಾನು. ಹೇಳಿದವನದು ತಪ್ಪಲ್ಲ, ಆದರೆ ಅವನು ಗಾಡಿ ಹೊರಟಾಗ ಅಲ್ಲಿರಲಿಲ್ಲ.

ಮನೆಯನ್ನು ಸೇರಿದಾಗ ಮಧ್ಯಾಹ್ನವಾಗಿತ್ತು. ಕೊಯ್ಲಿನ ಕಾಲ, ಅಂಗಳದ ತುಂಬ ಅಡಿಕೆ ಹರಡಿತ್ತು. ಅಣ್ಣನವರು ಬಾವಿಯ ಹತ್ತಿರದಿಂದ ಬಂದರು. 71 ವರ್ಷ, ಸೊಂಟ ಸ್ವಲ್ಪ ಬಾಗಿತ್ತು. “ಏನು ಮೇಷ್ಟ್ರೆ, ರೈಲಿನಂಥ ಗಾಡಿ ತಂದಿದ್ದೀಯಲ್ಲ” ಎಂದರು. ಊಟವಾಯಿತು. ಜಗಲಿಯಲ್ಲಿ ಎಲೆಯಡಿಕೆಗೆ ಕುಳಿತಾಗ, ಮಗನು ದೊಡ್ಡಪ್ಪನಿಗೂ ಗಾಡಿಯ ವಿಷಯವನ್ನು ಹೇಳತೊಡಗಿ, “ಅಪ್ಪ, ಆ ಚಿತ್ರ ಕೊಡಿ” ಎಂದು ಕೈಚಾಚಿದನು. ಇಲ್ಲವೆನ್ನಲು ಕಾರಣವನ್ನು ಹುಡುಕಿದೆವು, ದೊರೆಯಲಿಲ್ಲ. ಕೊಟ್ಟೆವು.

ಅಣ್ಣನವರು ಕನ್ನಡಕವನ್ನು ಏರಿಸಿಕೊಂಡು ಮೂರು ಚಿತ್ರಗಳನ್ನೂ ನಿಧಾನವಾಗಿ ನೋಡಿದರು. “ಇದು ನಮ್ಮ ಪಂಪಿನ ಲೆಕ್ಕವೇ ಅಲ್ಲವೋ ಮಗು?” ಎಂದರು. “ಚೈತ್ರ ವೈಶಾಖದಲ್ಲಿ ಬಾವಿಯ ಒರತೆ ಸಣ್ಣಗಾಗುತ್ತೆ. ಆಗ 5 ಎಚ್‌ಪಿ ಮೋಟಾರು ಹಾಕಿದರೆ ಕಾಲು ಗಂಟೆಯಲ್ಲಿ ನೀರು ಮುಗಿದು ಗಾಳಿ ಎಳೆಯುತ್ತೆ. 1 ಎಚ್‌ಪಿಯದು ರಾತ್ರಿಯೆಲ್ಲ ಓಡಿ ತೋಟ ಉಳಿಸುತ್ತೆ. ಪುಷ್ಯದಲ್ಲಿ ನೀರು ತುಂಬಿರುವಾಗ ಅದನ್ನು ಯಾರು ಕೇಳುತ್ತಾರೆ? ದೊಡ್ಡದೇ ಬೇಕು.” ಆಮೇಲೆ ಮೂರನೆಯ ಚಿತ್ರದ ಮೇಲೆ ಬೆರಳಿಟ್ಟು, “ಇದು ಮೇಲಿನ ತೋಟಕ್ಕೆ ನೀರು ಹತ್ತಿಸುವ ಕ್ರಮ. ಕೆಳಗಿನ ಪಂಪು ನಡುವಿನ ತೊಟ್ಟಿಗೆ ಎತ್ತಿಕೊಡುತ್ತೆ, ಅಲ್ಲಿಂದ ಇನ್ನೊಂದು ಮೇಲಕ್ಕೆ ಎತ್ತುತ್ತೆ. ಒಂದರ ಕೈಲೇ ಆಗದು” ಎಂದರು. ಬೆಳಗಿನಿಂದ ಮಗನು ನಮಗೆ ಹೇಳಿದುದನ್ನು ಅವರು ವೀಳ್ಯವನ್ನು ಮಡಿಸುವಷ್ಟರಲ್ಲಿ ಗ್ರಹಿಸಿದ್ದರು.

ಹೀಗೆಂದು ಅವರು ಕಾಗದವನ್ನು ತಿರುಗಿಸಿದರು.

ಓದಿದರು. ಒಂದು ಸಲವಲ್ಲ, ಎರಡು ಸಲ. ನಾವು ಅಂಗಳದ ಅಡಿಕೆಯನ್ನು ನೋಡುತ್ತ ಕುಳಿತೆವು. ಕಾಗದವನ್ನು ಮೊದಲಿನಂತೆಯೇ ಮಡಚಿ, ಅವರು ಸ್ವಲ್ಪವೂ ಬಿರುಸಿಲ್ಲದ ದನಿಯಲ್ಲಿ, “ಬರೆದುದು ಸರಿಯಾಗಿದೆ. ಇಬ್ಬರು ಮಕ್ಕಳು, ಅರ್ಧ ಅರ್ಧ. ರೋಗ ಬಿದ್ದ ಭಾಗ ನನಗಿರಲಿ, ಒಳ್ಳೆಯದು ನಿನಗೆ” ಎಂದರು. ಮಗನು ನಮ್ಮ ಮುಖವನ್ನು ನೋಡಿದನು. 36 ವರ್ಷ ಬಾಯಿಯಿಂದಲೇ ಜೀವನ ಮಾಡಿದ ನಮಗೆ ಆಗ ಬಾಯಿ ಬರಲಿಲ್ಲ.

ಆ ರಾತ್ರಿ ನಿದ್ರೆ ಸುಳಿಯಲಿಲ್ಲ. ತೋಟದ ಕಡೆಯಿಂದ ಪಂಪಿನ ಸದ್ದು ಕೇಳುತ್ತಿದ್ದಿತು. ಬೆಳಗ್ಗೆ ಮಗನ ಮುಂದೆ ಹೇಳಿದ ದ್ವಂದ್ವ ಸಮಾಸದ ವಿಧಿ ಮತ್ತೆ ನೆನಪಾಯಿತು. ಅದಕ್ಕೆ ಕಾತ್ಯಾಯನನ ವಾರ್ತಿಕವೊಂದುಂಟು. ಎಷ್ಟು ಹುಡುಗರಿಗೆ ಅದನ್ನು ಹೇಳಿಕೊಟ್ಟಿದ್ದೇವೋ ಲೆಕ್ಕವಿಲ್ಲ. ಅಣ್ಣತಮ್ಮಂದಿರ ಹೆಸರುಗಳು ದ್ವಂದ್ವವಾದಾಗ ಅಕ್ಷರಗಳನ್ನು ಎಣಿಸತಕ್ಕದ್ದಲ್ಲ, ಹಿರಿಯನನ್ನು ಮುಂದಿಡತಕ್ಕದ್ದು. ಆದುದರಿಂದಲೇ ಅರ್ಜುನನ ಹೆಸರಿನಲ್ಲಿ ಸ್ವರಗಳು ಕಡಮೆಯಿದ್ದರೂ, ಗಾಂಡೀವವು ಅವನದಾದರೂ, ಯುಧಿಷ್ಠಿರಾರ್ಜುನರು ಎಂದೇ ಆಗಬೇಕು. ನಮ್ಮ ಮನೆಯಲ್ಲಾದರೋ ವಿಧಿಯೂ ವಾರ್ತಿಕವೂ ಒಬ್ಬರನ್ನೇ ತೋರಿಸುತ್ತಿದ್ದುವು. ಅಕ್ಷರ ಕಡಮೆ ಕಲಿತವರೂ ಅವರೇ, ಹಿರಿಯರೂ ಅವರೇ. ಪರೀಕ್ಷೆಗಳಲ್ಲಿ ಇದಕ್ಕೆ ಎರಡು ಅಂಕ ಕೊಡುತ್ತಿದ್ದವರು ನಾವು.

ಬೆಳಗಾದ ಮೇಲೆ ತೋಟದಲ್ಲಿ ಅಣ್ಣನವರೊಬ್ಬರೇ ಇದ್ದಾಗ ಹೋಗಿ, ಪಾಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವೆಂದು ಹೇಳಿದೆವು. ತೋಟವೆಲ್ಲ ತಮಗಿರಲಿ ಎಂದೂ ಹೇಳಿದೆವು. ಅವರು ಒಪ್ಪಲಿಲ್ಲ. “ದಾನ ಬೇಡ. ನನಗೆ ಪಾಲೂ ಬೇಡ, ದಾನವೂ ಬೇಡ” ಎಂದರು. ಆ ಮಾತಿನಲ್ಲಿ ಮೊದಲ ಸಲ ನೋವು ಕೇಳಿಸಿತು. ಮಹಡಿ ಕಟ್ಟುವ ಹುಮ್ಮಸ್ಸಿನಲ್ಲಿ ಪಾಲು ಕೇಳಿದುದು ಒಂದು ತಪ್ಪು. ಮನಸ್ಸು ಕರಗಿದ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟು ಮತ್ತೊಮ್ಮೆ ದೊಡ್ಡವರಾಗಲು ಹೊರಟುದು ಇನ್ನೊಂದು ತಪ್ಪು. ಬಹಳ ಹೊತ್ತು ಇಬ್ಬರೂ ಹಳದಿಯಾದ ಮರಗಳ ಸಾಲಿನಲ್ಲಿ ನಡೆದೆವು. ಕಡೆಗೆ ಮೂರನೆಯ ಚಿತ್ರವೇ ದಾರಿ ತೋರಿಸಿತು. ಅದರಲ್ಲಿ ದೊಡ್ಡ ಗಾಲಿ ಚಿಕ್ಕದಕ್ಕೆ ತನ್ನ ಕೆಲಸವನ್ನು ದಾನ ಮಾಡುವುದಿಲ್ಲ. ತಾನು ಒತ್ತಿದ ಗಾಳಿಯನ್ನು ಅದರ ಕೈಗೆ ಕೊಡುತ್ತದೆ, ಅಷ್ಟೆ. ರೋಗ ಬಿದ್ದ ಭಾಗದಲ್ಲಿ ಕಾಫಿಯನ್ನೂ ಮೆಣಸನ್ನೂ ಹಾಕುವುದೆಂದೂ, ಅದರ ಖರ್ಚು ನಮ್ಮದೆಂದೂ, ಬೇಸಾಯ ಅಣ್ಣನವರದೆಂದೂ, ಅವರಿರುವವರೆಗೆ ತೋಟ ಒಡೆಯತಕ್ಕದ್ದಲ್ಲವೆಂದೂ ಮಾತಾಯಿತು. ಇದಕ್ಕೆ ಅವರು, “ಸಸಿಗೆ ಈಗಲೇ ಹೇಳಿಡಬೇಕು, ಆಮೇಲೆ ಸಿಕ್ಕುವುದಿಲ್ಲ” ಎಂದರು. ಒಪ್ಪಿಗೆಯೆಂದು ನಾವು ತಿಳಿದುಕೊಂಡೆವು.

ಮಹಡಿಯ ಹಣ ಹೀಗೆ ತೋಟಕ್ಕೆ ಹೋಯಿತು. ಮೈಸೂರಿನ ಮನೆಗೆ ಮಹಡಿಯಿಲ್ಲ. ನಮ್ಮ ಮನೆಯಾಕೆ ಅಲ್ಲಿ ಹಪ್ಪಳವನ್ನು ಒಣಗಿಸುತ್ತಿದ್ದಾಳೆ, ಬಿಸಿಲು ಚೆನ್ನಾಗಿದೆಯೆನ್ನುತ್ತಾಳೆ. ಮೆಣಸಿನ ಬಳ್ಳಿ ಫಲಕ್ಕೆ ಬರಲು ಇನ್ನೂ ಮೂರು ವರ್ಷ ಬೇಕು. ಅಷ್ಟರೊಳಗೆ ರೋಗ ಉಳಿದ ಭಾಗಕ್ಕೂ ಹಬ್ಬೀತೋ ಏನೋ ಎಂಬ ಹೆದರಿಕೆ ಇದ್ದೇ ಇದೆ. ಲಾಭ ಬಂದೀತೆಂದು ನಾವು ವಾಚಕರಿಗೆ ಭರವಸೆ ಕೊಡಲಾರೆವು.

ಹೊರಡುವಾಗ ಆ ಕಾಗದವನ್ನು ಹಿಂದಕ್ಕೆ ಕೊಡಿರೆಂದು ಸಂಕೋಚದಿಂದ ಕೇಳಿದೆವು. ಹರಿದುಹಾಕಬೇಕೆಂಬುದು ನಮ್ಮ ಉದ್ದೇಶ. ಅಣ್ಣನವರು ಕೊಡಲಿಲ್ಲ. ಪೇಟೆಯ ಮೋಟಾರು ರಿಪೇರಿಯವನಿಗೆ ಆ ಚಿತ್ರಗಳನ್ನು ತೋರಿಸಬೇಕಂತೆ. ಈಗ ಅದು ಅವರ ಪಂಚಾಂಗದೊಳಗೆ, ಚಿತ್ರವಿರುವ ಬದಿ ಮೇಲಾಗಿ ಮಡಚಿಕೊಂಡು ಕುಳಿತಿದೆ.